ಆಲ್-ಇನ್-ಒನ್ ಗಣಕಯಂತ್ರದ ಸ್ವಹಸ್ತ ನವೀಕರಣ

ಪರದೆಯ ಬೆನ್ನಿನಲ್ಲಿಯೇ ಸಕಲ ಯಂತ್ರಾಂಗಗಳನ್ನು ಅಡಗಿಸಿಕೊಂಡ ಗಣಕಯಂತ್ರಕ್ಕೆ ‘ಆಲ್-ಇನ್-ಒನ್’ ಎಂದು ಹೆಸರು. ನವಲಗುಂದ, ಕುಂದಗೋಳಗಳಂಥ ಊರುಗಳ ಕಾಲೇಜುಗಳಲ್ಲಿ ಇಂಥ ಯಂತ್ರವು ನಿಧಾನವಾದೊಡನೆ ಅದನ್ನು ಮೂಲೆಗೆ ಸರಿಸಬೇಕಾದುದಿಲ್ಲ.

ನಿಧಾನಕ್ಕೆ ಬಹುಮಟ್ಟಿಗೆ ಎರಡು ಕಾರಣಗಳು: ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯ ಕೊರತೆ ಮತ್ತು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಯನ್ನು ಡಿಸ್ಕಿನ ಸ್ಥಾನದಲ್ಲಿರಿಸಿದರೆ ವೇಗವು ಎದ್ದು ಕಾಣುವಷ್ಟು ಹೆಚ್ಚುತ್ತದೆ. ರ‍್ಯಾಮ್ ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಗಾತ್ರದ್ದು. ಡಿಡಿಆರ್3ರ ಜಾಗದಲ್ಲಿ ಡಿಡಿಆರ್4 ಕೂಡದು. ಕೆಲವು ಮಾದರಿಗಳಲ್ಲಿ ಅದನ್ನು ಮೂಲಫಲಕಕ್ಕೇ ಬೆಸೆದಿರುತ್ತಾರೆ. 2012ರ ಕೊನೆಯಲ್ಲಿ ಬಂದ ಐಮ್ಯಾಕ್‌ಗಳಲ್ಲಿ ಪರದೆಯನ್ನೇ ಅಂಟಿನಿಂದ ಕೂಡಿಸಲಾಗಿದೆ. ಆದುದರಿಂದ ಬಿಡಿಭಾಗ ಕೊಳ್ಳುವ ಮುನ್ನ ಕೈಪಿಡಿಯನ್ನು ನೋಡತಕ್ಕದ್ದು.

ಇತಿಹಾಸದ ವಿದ್ಯಾರ್ಥಿಗೆ ಇನ್ನೊಂದು ಎಚ್ಚರ ಅವಶ್ಯಕ. ಅಣ್ಣಿಗೇರಿಯ ಶಾಸನಗಳ ಛಾಯಾಚಿತ್ರಗಳು ಹಳೆಯ ಡಿಸ್ಕಿನಲ್ಲಿದ್ದರೆ, ಮೊದಲು ಅವುಗಳ ಪ್ರತಿ ತೆಗೆದು, ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ಪರೀಕ್ಷಿಸಬೇಕು. ಬಳಿಕ ವಿದ್ಯುತ್ ತಂತಿಯನ್ನು ಕಿತ್ತು, ಪರದೆಯನ್ನು ಮೆತ್ತನೆಯ ಬಟ್ಟೆಯ ಮೇಲೆ ಬೋರಲಾಗಿಟ್ಟು, ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು ತಿರುಪುಗಳನ್ನು ಬಿಚ್ಚಬೇಕು. ಒಳಗೆ ಕುಳಿತ ಎರೆಮಣ್ಣಿನ ಧೂಳನ್ನು ಆಗಲೇ ತೆಗೆಯಬಹುದು. ವಿದ್ಯುತ್ ಪೂರೈಕೆಯ ಘಟಕವು ಒಳಗಿದ್ದರೆ ಅದನ್ನು ಮಾತ್ರ ಬಿಚ್ಚಕೂಡದು. ಸಂಪರ್ಕ ತಪ್ಪಿದರೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು.

ಈ ನವೀಕರಣಕ್ಕೂ ಒಂದು ಮಿತಿಯುಂಟು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; ಹಳೆಯ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಒಗ್ಗದು. ಅಂಥಲ್ಲಿ ಉಚಿತವಾಗಿ ದೊರೆಯುವ ಲಿನಕ್ಸ್ ಅಳವಡಿಸಿದರೆ, ಶಾಸನಪಾಠ ಬರೆಯಲೂ ಚಿತ್ರಗಳನ್ನು ಕಾದಿಡಲೂ ಹಳೆಯ ಯಂತ್ರವೇ ಸಾಕು.