ಅರ್ಧ ಮಾಡಿ ಊರಿಗೊಯ್ಯುವ ಗೂಡುದೀಪ

ದಸರೆಯಂದು ಪುಣೆಯ ಜನರು ಆಪಟೆಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟುಕೊಂಡ ಮರುದಿನದಿಂದಲೇ ರವಿವಾರ ಪೇಠೆ, ತುಳಶಿಬಾಗುಗಳ ಅಂಗಡಿಗಳ ಮುಂದೆ ಆಕಾಶಕಂದೀಲುಗಳು ತೂಗಾಡತೊಡಗುತ್ತವೆ. ಕೆಂಪು, ಹಳದಿ, ಹಸಿರು, ಗುಲಾಬಿ ಬಣ್ಣಗಳ ಆ ಸಾಲಿನ ಕೆಳಗೆ ನಮ್ಮ ವಾಚಕರಲ್ಲಿ ಬಹುಮಂದಿ ದಿನವೂ ಹಾದುಹೋಗುವವರೇ. ಕೆಲವರ ಕೈಯಲ್ಲಿ ಹೋಟೆಲಿನ ತರಕಾರಿ ಚೀಲ, ಕೆಲವರ ಬಗಲಲ್ಲಿ ಕಚೇರಿಯ ಊಟದ ಡಬ್ಬಿ. ತಲೆಯೆತ್ತಿ ನೋಡಿ, ಬೆಲೆ ಕೇಳಿ, ಮುಂದೆ ಸಾಗುತ್ತಾರೆ. ಇದನ್ನೇ ದಕ್ಷಿಣ ಕನ್ನಡದವರು ಗೂಡುದೀಪವೆನ್ನುತ್ತಾರೆ; ಇತರ ಕಡೆಗಳಲ್ಲಿ ಆಕಾಶಬುಟ್ಟಿ, ಆಕಾಶದೀಪ ಎಂಬ ಹೆಸರುಗಳೂ ಉಂಟು. ಹೆಸರು ಏನೇ ಇರಲಿ, ಬಿದಿರ ಕಡ್ಡಿ ಮತ್ತು ಬಣ್ಣದ ಕಾಗದಗಳಿಂದ ಇದನ್ನು ಕಟ್ಟುವುದನ್ನು ಬಾಲ್ಯದಲ್ಲಿ ಅಣ್ಣನ ಪಕ್ಕದಲ್ಲೋ ಮಾವನ ಪಕ್ಕದಲ್ಲೋ ಕುಳಿತು ನೋಡದವರು ನಮ್ಮಲ್ಲಿ ವಿರಳ.

ಆದರೆ ಊರಿಗೆ ಹೊರಡುವಾಗ ನಾವು ಒಯ್ಯುವುದೇನು? ರಜೆ ಸಿಕ್ಕಿದ ರಾತ್ರಿಯೇ ಬಸ್ಸು ಹಿಡಿಯುವ ಅವಸರದಲ್ಲಿ ಒಂದು ಪೊಟ್ಟಣ ಬಾಕರವಡಿ, ಮಗುವಿಗೆ ಪ್ಲಾಸ್ಟಿಕ್ಕಿನ ಒಂದು ಮೋಟಾರು. ಮೂರನೆಯ ದಿನಕ್ಕೆ ಆ ಮೋಟಾರಿನ ಚಕ್ರ ಕಳಚಿರುತ್ತದೆ. ಅದು ಹೋಗಲಿ, ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಬಾರಿ ಬರುವ ತಂದೆಯನ್ನು ಕಂಡು ಬಾಗಿಲ ಮರೆಯಲ್ಲಿ ನಿಲ್ಲುವ ಮಗುವಿಗೆ ಆ ಮೋಟಾರಿನಿಂದ ತಂದೆಯ ಪರಿಚಯವಾಗುವುದಿಲ್ಲ. ಹಿಂದೆ ಮನಿಯಾರ್ಡರಿನ ಕೂಪನ್ನಿನಲ್ಲಿ ಬರೆದ ಎರಡು ಸಾಲು ಅಕ್ಷರಗಳಾದರೂ ಮನೆಗೆ ತಲುಪುತ್ತಿದ್ದುವು. ಈಗ ದುಡ್ಡು ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಹೋಗುತ್ತದೆ, ಮುಖವೂ ಕಾಣುತ್ತದೆ, ಮಾತೂ ಕೇಳುತ್ತದೆ. ಇದು ದೊಡ್ಡ ಅನುಕೂಲವೇ ಸರಿ. ಆದರೂ ಕೈಯಿಂದ ಕೈಗೆ ಮುಟ್ಟುವ ವಸ್ತುವೊಂದು ಬೇಕೆನ್ನಿಸುತ್ತದೆ.

ಕಳೆದ ವರ್ಷ ನಾವು ನಾಲ್ಕೈದು ಮಂದಿ ಸ್ನೇಹಿತರು, ಹೋಟೆಲ್ ಮುಚ್ಚಿದ ಮೇಲೆ ಅವರ ಕೋಣೆಯಲ್ಲಿ ಕುಳಿತು ಗೂಡುದೀಪ ಕಟ್ಟಲು ತೊಡಗಿದೆವು. ಪುಣೆಯಂಥ ಊರಿನಲ್ಲಿ ಸಾಮಗ್ರಿಗೆ ಬರಗಾಲವಿಲ್ಲ. ಬಿದಿರಿನ ಸೀಳುಕಡ್ಡಿಗೆ ಬುರುಡ ಆಳಿಯುಂಟು. ಬುರುಡರೆಂದರೆ ನಮ್ಮ ಕಡೆಯ ಮೇದಾರರು. ಬಣ್ಣದ ತೆಳುಕಾಗದ, ಜರಿಯ ಪಟ್ಟಿಗಳಿಗೆ ರವಿವಾರ ಪೇಠೆಯ ಬೋಹರಿ ಆಳಿಯುಂಟು. ದಾರಕ್ಕಂತೂ ಹೊರಗೆ ಹೋಗಬೇಕಾದ್ದೇ ಇಲ್ಲ: ಪಾರ್ಸೆಲ್ ಕಟ್ಟುವ ಬಿಳಿಯ ದಾರವೇ ಸಾಕು. (ಗಲ್ಲೆಯಲ್ಲಿ ಕುಳಿತವರನ್ನು ಕೇಳಿಯೇ ತೆಗೆದುಕೊಳ್ಳತಕ್ಕದ್ದು.) ದಿನಕ್ಕೆ ನೂರು ಪಾರ್ಸೆಲ್ ಕಟ್ಟುವ ಕೈಗೆ ಗಂಟು ಹಾಕುವುದನ್ನು ನಾವು ಕಲಿಸಿಕೊಡಬೇಕಾಗಿಯೂ ಇಲ್ಲ.

ಆದರೂ ನಮ್ಮ ಮೊದಲ ಗೂಡುದೀಪ ಕೆಟ್ಟಿತು. ಆರು ಚೌಕಗಳನ್ನು ಮೂಲೆಗೆ ಮೂಲೆ ಸೇರಿಸಿ ಕಟ್ಟಿ, ಚೆಂದವಾಯಿತೆಂದು ಎತ್ತಿ ಹಿಡಿದುದೇ ತಡ, ಅದು ಒದ್ದೆ ಬಟ್ಟೆಯಂತೆ ತಿರುಚಿಕೊಂಡು ಕೈಯಲ್ಲಿಯೇ ಮುದುಡಿತು. ಗಂಟು ಸಡಿಲವೆಂದು ಬಿಚ್ಚಿ ಮತ್ತೆ ಬಿಗಿದೆವು. ಮತ್ತೆಯೂ ಅದೇ ಕಥೆ. ಕೊನೆಗೆ ಕಾರಣ ಹೊಳೆದಾಗ ನಮಗೇ ನಗು ಬಂದಿತು. ನಾಲ್ಕು ಕಡ್ಡಿಗಳ ಚೌಕವು ಎಷ್ಟು ಬಿಗಿದರೂ ಓರೆಯಾಗಬಲ್ಲದು; ಮೂರು ಕಡ್ಡಿಗಳ ತ್ರಿಕೋನ ಮಾತ್ರ ಓರೆಯಾಗಲಾರದು. ಪ್ರತಿಯೊಂದು ಚೌಕಕ್ಕೂ ಮೂಲೆಯಿಂದ ಮೂಲೆಗೆ ಒಂದು ಕರ್ಣದ ಕಡ್ಡಿ ಕಟ್ಟಿದೆವು. ಆಮೇಲೆ ಅದು ಅಲುಗಾಡಲಿಲ್ಲ.

ಈಗ ಕ್ರಮವನ್ನು ಸರಿಯಾಗಿ ಹೇಳುತ್ತೇವೆ. ಎಂಟೂವರೆ ಇಂಚಿನ 24 ಕಡ್ಡಿಗಳು, ಹನ್ನೊಂದೂಮುಕ್ಕಾಲು ಇಂಚಿನ 6 ಕಡ್ಡಿಗಳು ಬೇಕು. ಒಟ್ಟು ಸುಮಾರು 23 ಅಡಿ ಸೀಳು. ಮುರಿಯುವುದಕ್ಕೆಂದು 25 ಅಡಿ ಕೊಂಡರೆ ಒಳ್ಳೆಯದು. ಕಡ್ಡಿಗಳು ಒಂದೇ ದಪ್ಪದವಾಗಿರಲಿ, ಚೆನ್ನಾಗಿ ಒಣಗಿರಲಿ. ಗೆಣ್ಣುಗಳನ್ನು ಚೂರಿಯಿಂದ ಹೆರೆದು ಮರಳುಕಾಗದದಿಂದ ಉಜ್ಜಬೇಕು. ಬಿದಿರಿನ ಸಿಬಿರು ಉಗುರಿನ ಸಂದಿಗೆ ಹೊಕ್ಕರೆ ಮರುದಿನ ಬಿಸಿ ಸಾಂಬಾರಿನ ಪಾತ್ರೆ ಎತ್ತುವುದು ಕಷ್ಟ. ಪ್ರತಿ ಕಡ್ಡಿಯ ತುದಿಯಿಂದ ಕಾಲು ಇಂಚು ಬಿಟ್ಟು ಕಟ್ಟಿದರೆ ಗಂಟಿನಿಂದ ಗಂಟಿಗೆ ಎಂಟು ಇಂಚಿನ ಆರು ಚೌಕಗಳಾಗುತ್ತವೆ. ಕರ್ಣದ ಕಡ್ಡಿ ಗಂಟಿನಿಂದ ಗಂಟಿಗೆ ಹನ್ನೊಂದೂಕಾಲು ಇಂಚು ಬಂದಿತೆಂದರೆ ಚೌಕ ನೇರವಾಗಿದೆಯೆಂದೇ ತಿಳಿಯಬೇಕು.

ಇವುಗಳಲ್ಲಿ ನಾಲ್ಕು ಚೌಕಗಳನ್ನು ಇಸ್ಪೀಟಿನ ಡೈಮನ್ನಿನಂತೆ ಮೂಲೆಯ ಮೇಲೆ ನಿಲ್ಲಿಸಿ, ಒಂದರ ಬಲಮೂಲೆಗೆ ಇನ್ನೊಂದರ ಎಡಮೂಲೆಯನ್ನು ಕಟ್ಟುತ್ತ ಬಳೆಯಂತೆ ಸುತ್ತು ತರಬೇಕು. ಐದನೆಯ ಚೌಕವನ್ನು ಮೇಲೆ ಮಲಗಿಸಿ, ಅದರ ನಾಲ್ಕು ಮೂಲೆಗಳನ್ನು ಕೆಳಗಿನ ನಾಲ್ಕು ತುದಿಗಳಿಗೆ ಕಟ್ಟಬೇಕು. ಆರನೆಯದನ್ನು ಅದೇ ರೀತಿ ಅಡಿಯಲ್ಲಿ. ಒಟ್ಟು ಹನ್ನೆರಡು ಗಂಟುಗಳು. ತಮಾಷೆಯೆಂದರೆ, ನಾವು ಕಟ್ಟಿದ್ದು ಆರು ಚೌಕಗಳನ್ನು ಮಾತ್ರ. ಅವುಗಳ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಹುಟ್ಟಿಕೊಂಡಿರುತ್ತವೆ. ಲೆಕ್ಕದ ಪುಸ್ತಕ ನೋಡದ ನಮ್ಮ ಹಿರಿಯರು ಈ ಆಕಾರವನ್ನು ಹೇಗೆ ಹಿಡಿದರೋ ಎಂದು ಆಶ್ಚರ್ಯವಾಗುತ್ತದೆ.

ಅಂಟಿಗೆ ಹೋಟೆಲಿನವರು ಚಿಂತಿಸಬೇಕಾದ್ದಿಲ್ಲ. ಒಂದು ಹಿಡಿ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿದರೆ ಹೊಳಪು ಬಂದಾಗ ಅಂಟು ಸಿದ್ಧ. ಹುಳ ಬೀಳದಿರಲೆಂದು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುವ ರೂಢಿಯೊಂದುಂಟು. ಅಡಕೆ ತೋಟದ ಕಡೆಯವರಿಗೆ ಇದು ಔಷಧಿ ಸಿಂಪಡಿಸುವಾಗ ಸುಣ್ಣದೊಂದಿಗೆ ಬೆರೆಸುವ ವಸ್ತುವೆಂದು ಗೊತ್ತಿರಬಹುದು. ಇದು ವಿಷ. ಮಕ್ಕಳು ಮುಟ್ಟುವ, ಅಡಿಗೆಮನೆಯ ಪಾತ್ರೆಯಲ್ಲಿ ಕಾಯಿಸುವ ಅಂಟಿಗೆ ಅದನ್ನು ಹಾಕಕೂಡದೆಂದು ನಾವು ಖಂಡಿತವಾಗಿ ಹೇಳುತ್ತೇವೆ. ಹಬ್ಬ ಕಳೆಯುವವರೆಗೆ ಬರಿಯ ಮೈದಾ ಅಂಟೇ ಬೇಕಾದಷ್ಟಾಯಿತು.

ಇನ್ನು ಈ ಲೇಖನದ ತಲೆಬರಹದ ಸಂಗತಿ. ಪೂರ್ತಿ ಕಟ್ಟಿದ ಗೂಡುದೀಪವನ್ನು ಬಸ್ಸಿನಲ್ಲಿ ಒಯ್ಯುವುದು ಸಾಧ್ಯವಿಲ್ಲ. ಸೀಟಿನ ಕೆಳಗೆ ಇಟ್ಟರೆ ಅಪ್ಪಚ್ಚಿ, ಮಡಿಲಲ್ಲಿ ಇಟ್ಟರೆ ರಾತ್ರಿಯಿಡೀ ನಿದ್ದೆಯಿಲ್ಲ. ಆದರೆ ಆರು ಚೌಕಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಅವು ಒಂದರ ಮೇಲೊಂದು ಕುಳಿತು ನಾಲ್ಕು ಬೆರಳಿನ ದಪ್ಪವೂ ಆಗುವುದಿಲ್ಲ. ಆದುದರಿಂದ ಪುಣೆಯಲ್ಲಿ ಅರ್ಧ ಕೆಲಸ ಮಾತ್ರ ಮಾಡಬೇಕು. ಸುತ್ತಿನ ನಾಲ್ಕು ಚೌಕಗಳಿಗೆ ಇಲ್ಲಿಯೇ ಕಾಗದ ಅಂಟಿಸಿ ಒಣಗಿಸಿರಿ. ಒಂಬತ್ತು ಇಂಚಿನ ಚೌಕ ಕಾಗದವನ್ನು ಮೂಲೆಯ ಗಂಟುಗಳಿಗೆ ಕತ್ತರಿಸಿಕೊಂಡು, ಅಂಚನ್ನು ಅರ್ಧ ಇಂಚು ಕಡ್ಡಿಯ ಸುತ್ತ ಮಡಚಿದರಾಯಿತು. ಮೇಲಿನ ಮತ್ತು ಕೆಳಗಿನ ಚೌಕಗಳು ಗಾಳಿಗಾಗಿ ಬರಿದಾಗಿಯೇ ಇರಲಿ. ಎಂಟು ತ್ರಿಕೋನಗಳ ಕಾಗದವನ್ನು ಸುತ್ತಲೂ ಅರ್ಧ ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿ, ಈ ಪತ್ರಿಕೆಯ ಹಾಳೆಯ ನಡುವೆ ಮಡಚದೆ ಇಟ್ಟುಕೊಳ್ಳಿರಿ. ಜೂಲಿಗೆ ಎರಡು ಬಣ್ಣದ ಕಾಗದ, ಒಂದು ಉಂಡೆ ದಾರ. ಹನ್ನೆರಡು ಗಂಟು ಮತ್ತು ಎಂಟು ತ್ರಿಕೋನಗಳು ಊರಿನ ಜಗಲಿಗೆ ಉಳಿಯಲಿ.

ದೀಪಕ್ಕೆ ಹಿಂದೆ ಹಣತೆಯಿಡುತ್ತಿದ್ದರು. ಈಗ 5 ವಾಟಿನ ಎಲ್‌ಇಡಿ ಬಲ್ಬು ಧಾರಾಳ. ಬಿಸಿಯಾಗುವ ಹಳೆಯ ತಂತಿಬಲ್ಬು ತೆಳುಕಾಗದದ ಸಮೀಪ ಬೇಡ. ಮೇಲಿನ ಚೌಕದ ಕರ್ಣದ ಕಡ್ಡಿಯ ನಟ್ಟನಡುವೆ ದಾರ ಕಟ್ಟಿದರೆ ಗೂಡು ವಾಲದೆ ತೂಗುತ್ತದೆ. ಕರಾವಳಿಯಲ್ಲಿ ದೀಪಾವಳಿಯ ಹೊತ್ತಿಗೆ ಸಂಜೆಯ ಮಳೆಯ ನಂಬಿಕೆ ಇಲ್ಲವಾದ್ದರಿಂದ ಮಾಡಿನ ಅಡಿಯಲ್ಲಿ ತೂಗಹಾಕುವುದು ಕ್ಷೇಮ.

ಹಬ್ಬದ ದಿನವೇ ರಜೆ ಸಿಗದವರು ನಿರಾಶರಾಗಬೇಕಾಗಿಲ್ಲ. ಹಬ್ಬದಲ್ಲಿ ಹೋಟೆಲಿಗೆ ಗಿರಾಕಿ ಹೆಚ್ಚು. ರಜೆ ಕೇಳುವುದೇ ಕಠಿನ. ಆದರೆ ಆಕಾಶದೀಪವನ್ನು ಕಾರ್ತಿಕ ಮಾಸವಿಡೀ ಹಚ್ಚುವ ಪದ್ಧತಿಯುಂಟಷ್ಟೆ. ಬಲೀಂದ್ರನ ಪೂಜೆ ತಪ್ಪಿದವರಿಗೆ ತುಳಸಿ ಪೂಜೆ ಇದ್ದೇ ಇದೆ. ಮಂಗಳೂರಿನ ಕಡೆಗೆ ಹೋಗುವವರು ಸಮಯ ಕೂಡಿಬಂದರೆ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ದೀಪಾವಳಿಯ ಹೊತ್ತಿಗೆ ನಡೆಯುವ ಗೂಡುದೀಪಗಳ ಸ್ಪರ್ಧೆಯನ್ನು ಮಕ್ಕಳಿಗೆ ತೋರಿಸಬೇಕು. ಅಲ್ಲಿ ಕಾಣುವ ಕೈಚಳಕದ ಮುಂದೆ ನಮ್ಮ ಆರು ಚೌಕದ ಗೂಡು ಪಾಪ, ಬಡವನಂತೆ ಕಾಣುವುದು. ಆದರೆ ಕಲಿಯುವವನಿಗೆ ಅದೇ ಮೊದಲ ಪಾಠ.

ಕಚೇರಿಯ ಗುಮಾಸ್ತ ಮಿತ್ರರು ತಮಗೆ ಬಿದಿರು ಸೀಳಲು ಬಾರದೆಂದು ಹೇಳಬಹುದು. ಅವರಿಗೆ ಸೂಜಿದಾರವಿದೆ. ಒಂದು ಮಗ್ಗುಲು ಬರಿದಾಗಿರುವ ರದ್ದಿಹಾಳೆಗಳನ್ನು (ಗುಟ್ಟಿನ ಕಾಗದಪತ್ರಗಳನ್ನಲ್ಲ) ಬರಹ ಒಳಗಾಗುವಂತೆ ಎರಡೆರಡು ಬೆನ್ನಿಗೆ ಬೆನ್ನು ಅಂಟಿಸಿ, ಎಂಟನ್ನು ಜೋಡಿಸಿ ನಡುವೆ ಮಡಚಿ, ಮಡಿಕೆಯಲ್ಲಿ ಮೂರು ತೂತು ಮಾಡಿರಿ. ಸೂಜಿಯನ್ನು ಒಳಗಿನಿಂದ ನಡುವಿನ ತೂತಿನ ಮೂಲಕ ಹೊರಕ್ಕೆ ತೆಗೆದು, ಮೇಲಿನ ತೂತಿನಿಂದ ಒಳಕ್ಕೆ. ನಡುವಿನದನ್ನು ಬಿಟ್ಟು ಕೆಳಗಿನ ತೂತಿನಿಂದ ಹೊರಕ್ಕೆ. ಮತ್ತೆ ನಡುವಿನ ತೂತಿನಿಂದ ಒಳಕ್ಕೆ. ಒಳಗಿನ ಉದ್ದ ದಾರವು ಎರಡು ತುದಿಗಳ ನಡುವೆ ಸಿಕ್ಕುವಂತೆ ಗಂಟು ಹಾಕಿದರೆ ನೋಟುಪುಸ್ತಕ ಬಿಚ್ಚಿಕೊಳ್ಳುವುದಿಲ್ಲ. ಹೊದಿಕೆಗೆ ಪುಣೆಯ ಕೈಕಾಗದವನ್ನೇ ಹುಡುಕಿರಿ. ಈ ಊರಿಗೂ ಕಾಗದಕ್ಕೂ ನಂಟು ಹಳೆಯದು. ಕಸಬಾ ಪೇಠೆಯ ಕಾಗದೀಪುರಕ್ಕೆ ಆ ಹೆಸರು ಬಂದುದೇ ಕಾಗದ ಮಾಡುವವರಿಂದ. ಗಾಂಧೀಜಿಯವರ ಗ್ರಾಮೋದ್ಯೋಗದ ಪ್ರೇರಣೆಯಿಂದ 1940ರಲ್ಲಿ ಶಿವಾಜಿನಗರದ ಕಡೆ ಕೈಕಾಗದದ ಸಂಸ್ಥೆ ಹುಟ್ಟಿತು. ಹತ್ತಿಬಟ್ಟೆಯ ಚೂರುಗಳಿಂದ ಆಗುವ ಕಾಗದವದು. ನಮ್ಮ ಸಂವಿಧಾನದ ಕೈಬರಹದ ಹಿಂದಿ ಪ್ರತಿಗೆ ಪುಣೆಯಲ್ಲಿ ತಯಾರಾದ ಕೈಕಾಗದವನ್ನೇ ಬಳಸಲಾಯಿತು. ಅಂಥ ಊರಿನ ಕಾಗದವನ್ನು ಹೊದ್ದ ಪುಸ್ತಕದ ಮೇಲೆ ಮಗಳ ಹೆಸರನ್ನು ತಂದೆಯೇ ಕನ್ನಡದಲ್ಲಿ ಬರೆದು ಕೊಟ್ಟರೆ ಅಂಗಡಿಯ ಪುಸ್ತಕ ಅದಕ್ಕೆ ಸಾಟಿಯಾದೀತೆ?

ಸಂಸಾರ ಸಮೇತ ಇಲ್ಲಿಯೇ ನೆಲೆಸಿದವರ ಮನೆಗಳಲ್ಲಿ ಬೇರೆ ಅವಕಾಶಗಳುಂಟು. ವಿಜಯಪುರ, ಕಲಬುರಗಿಗಳ ಕಡೆಯ ತಾಯಂದಿರಿಗೆ ಹಳೆಯ ಸೀರೆಗಳ ಕೌದಿ ಹೊಲಿಯುವುದನ್ನು ಹೇಳಿಕೊಡಲು ಹೋದರೆ ಅದು ನಮ್ಮ ಅಧಿಕಪ್ರಸಂಗವಾದೀತು. ಮಕ್ಕಳಿಗಾದರೋ ಪುಣೆಯೇ ಗುರು. ದೀಪಾವಳಿಯಲ್ಲಿ ಇಲ್ಲಿನ ಹುಡುಗರು ಅಂಗಳದಲ್ಲಿ ಕಲ್ಲು ಮಣ್ಣು ಗುಡ್ಡೆಹಾಕಿ ಶಿವಾಜಿ ಮಹಾರಾಜರ ಕೋಟೆ ಕಟ್ಟುತ್ತಾರೆ. ಸಾಸಿವೆ ಬಿತ್ತಿ ಹುಲ್ಲು ಬೆಳೆಸುತ್ತಾರೆ. ಮಣ್ಣಿನ ಮಾವಳೆ ಸೈನಿಕರನ್ನು ಬುರುಜುಗಳ ಮೇಲೆ ನಿಲ್ಲಿಸುತ್ತಾರೆ. ನಮ್ಮ ಮಕ್ಕಳೂ ಅವರೊಡನೆ ಮಣ್ಣು ಹೊರಲಿ. ಅದರ ಪಕ್ಕದಲ್ಲಿ ನಮ್ಮ ಗೂಡುದೀಪವೊಂದು ತೂಗಿದರೆ ನೆರೆಯವರಿಗೂ ಸಂತೋಷವೇ. ಥರ್ಮೋಕೋಲಿನ ಅಲಂಕಾರದ ಆಸೆ ಬೇಡ. ಮಹಾರಾಷ್ಟ್ರ ಸರ್ಕಾರ 2018ರಲ್ಲಿಯೇ ಅದನ್ನು ನಿಷೇಧಿಸಿತು.

ನಮ್ಮ ಕಳೆದ ವರ್ಷದ ಪ್ರಯತ್ನದಲ್ಲಿ ಕುಂದಾಪುರದ ಕಡೆಯ ಸಪ್ಲಾಯರ್ ಒಬ್ಬರಿದ್ದರು. ರಜೆ ಸಿಕ್ಕಿದ್ದು ದೀಪಾವಳಿ ಕಳೆದ ಐದನೆಯ ದಿನಕ್ಕೆ. ಆರು ಚೌಕಗಳನ್ನು ಲುಂಗಿಯಲ್ಲಿ ಸುತ್ತಿಕೊಂಡು ಹೋದರು. ಏಳು ವರ್ಷದ ಮಗ ಮೊದಲ ದಿನ ಹತ್ತಿರ ಬರಲಿಲ್ಲವಂತೆ. ಎರಡನೆಯ ದಿನ ಜಗಲಿಯಲ್ಲಿ ಚೌಕಗಳನ್ನು ಹರಡಿ ಕುಳಿತು, ಒಬ್ಬರೇ ಕಟ್ಟಲಾರದವರಂತೆ ಒದ್ದಾಡುತ್ತಿದ್ದಾಗ, "ಅಪ್ಪಯ್ಯ, ನಾನ್ ಹಿಡ್ಕಂತೆ" ಎಂದು ಹುಡುಗ ತಾನಾಗಿ ಬಂದು ಮೂಲೆ ಹಿಡಿದನಂತೆ. ಎಂಟು ತ್ರಿಕೋನಗಳಲ್ಲಿ ಏಳನ್ನು ಅವನೇ ಅಂಟಿಸಿದ. ಒಂದು ಸುಕ್ಕಾಗಿತ್ತು, ತಂದೆ ಅದನ್ನು ತೆಗೆಯಲಿಲ್ಲ. ತುಳಸಿ ಪೂಜೆಯ ಸಂಜೆ ದೀಪ ಹಚ್ಚಿದರು.

ಈ ವರ್ಷ ಅವರು ಬುರುಡ ಆಳಿಯಿಂದ ಎರಡು ಗೂಡಿಗಾಗುವಷ್ಟು ಕಡ್ಡಿ ತಂದಿಟ್ಟಿದ್ದಾರೆ. ಒಂದರ ಚೌಕಗಳನ್ನು ಕಟ್ಟಿದ್ದಾರೆ. ಇನ್ನೊಂದರ ಮೂವತ್ತು ಕಡ್ಡಿಗಳನ್ನು ಬರಿದೆ ಕಂತೆ ಕಟ್ಟಿ ಒಯ್ಯುತ್ತಾರಂತೆ. ಹುಡುಗ ಫೋನಿನಲ್ಲಿ ಹಾಗೆಯೇ ಹೇಳಿದ್ದಾನೆ.