ನೀರೆರೆಯುವ ಕಾಲ ಮೇಲಿನ ಪಾಠ

ಮಳವಳ್ಳಿ ಸೀಮೆಯ ಹಳ್ಳಿಯೊಂದರ ಬಚ್ಚಲಿನಲ್ಲಿ, ಹಂಡೆಯ ನೀರು ಹದವಾಗಿ ಕಾದಿದ್ದ ಹೊತ್ತಿಗೆ, ಅಜ್ಜಿಯೊಬ್ಬರು ಕಾಲು ನೀಡಿ ಕುಳಿತು, ಎಣ್ಣೆಯೊತ್ತಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುತ್ತಿದ್ದುದನ್ನು ನಾನು ಕಂಡಿದ್ದೇನೆ. “ಯಾಕ್ ಮಗಾ, ನೀರು ಸುಡ್ತದಾ?” ಎಂದು ಕೇಳಿ ಅವರು ಚೊಂಬನ್ನು ತಡೆದರು, ಕೂಸು “ಊಂ” ಎಂದಿತು, “ತಡಿ ಕಣಪ್ಪ, ತಣ್ಣೀರು ಬೆರೆಸ್ತೀನಿ” ಎಂದು ಅದಕ್ಕೆ ಉತ್ತರವಿತ್ತು ಮುಂದುವರಿದರು. ಮಾತು ಬಾರದ ಶಿಶುವಿನ ಮರುಮಾತಿಗಾಗಿ ಕಾದ ಆ ಅರೆಗಳಿಗೆಯ ಮೌನದಲ್ಲಿಯೇ ಶಿಶುವಿಕಾಸಶಾಸ್ತ್ರದ ಸಾರವೆಲ್ಲ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಇದನ್ನು ಪ್ರಮಾಣಪೂರ್ವಕವಾಗಿ ತೋರಿಸಿಕೊಟ್ಟುದು ದೂರದ ಜಮೈಕಾ. ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, 1986ರ ಸುಮಾರಿಗೆ, ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು, ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆರಿಸಿಕೊಂಡು, ಅವರಲ್ಲಿ ಕೆಲವರ ಮನೆಗೆ ವಾರವಾರವೂ ಎರಡು ವರ್ಷ ಆರೋಗ್ಯ ಕಾರ್ಯಕರ್ತೆಯರನ್ನು ಕಳುಹಿಸಿದರು. ಡಬ್ಬಿ, ಮುಚ್ಚಳಗಳಿಂದಲೇ ಆಟಿಕೆ ಮಾಡಿ, ಮಗುವಿನೊಡನೆ ಆಡುವ ಬಗೆಯನ್ನು ಅವರು ತಾಯಂದಿರಿಗೆ ತೋರಿಸಿದರು. ಆ ಮಕ್ಕಳು 22ರ ಪ್ರಾಯಕ್ಕೆ ಬಂದಾಗ, ಅಂಥ ಭೇಟಿ ದೊರೆಯದ ಓರಗೆಯವರಿಗಿಂತ ನೂರಕ್ಕೆ 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು.

ನಮ್ಮ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಮೊದಲಾದಾಗ ಕರ್ನಾಟಕದಲ್ಲಿ ಅದಕ್ಕೆ ನೆಲೆಯಾದುದು ಮಳವಳ್ಳಿಯ ನೆರೆಯ ತಿ. ನರಸೀಪುರ. ತಾಯಂದಿರ ಶಿಕ್ಷಣವೂ ಅದರ ಉದ್ದೇಶಗಳಲ್ಲಿ ಒಂದಾಗಿದ್ದರೂ, ವಾಡಿಕೆಯಲ್ಲಿ ಅಂಗನವಾಡಿಯೆಂದರೆ ಮೂರು ತುಂಬಿದವರ ಶಾಲೆ. ಅದಕ್ಕಿಂತ ಎಳೆಯರ ಪಾಲಿಗೆ ತೂಕದ ತಕ್ಕಡಿ ಮತ್ತು ಆಹಾರದ ಪೊಟ್ಟಣ. ಮಿದುಳು ಅತ್ಯಂತ ವೇಗದಿಂದ ಬೆಳೆಯುವ ವಯಸ್ಸನ್ನೇ ನಾವು ಹೀಗೆ ಬಿಟ್ಟುಕೊಟ್ಟೆವು. ಹುಟ್ಟಿನಿಂದ ಮೂರು ವರ್ಷದವರೆಗಿನ ಶಿಶುಗಳಿಗಾಗಿ ಕೇಂದ್ರ ಸರ್ಕಾರವು ‘ನವಚೇತನ’ವೆಂಬ ಮಾರ್ಗಸೂಚಿಯನ್ನು ಹೊರಡಿಸಿದುದು 2024ರಲ್ಲಿ.

ಆದರೆ ಮಗುವಿನೊಡನೆ ಆಡುವ ಈ ಬಗೆಯನ್ನು ಮಂಡ್ಯದ ಸೀಮೆಯಲ್ಲಿ ಯಾರಿಗೆ ಕಲಿಸುವುದು? ಮದ್ದೂರಿನ ಸುತ್ತಣ ತಾಯಂದಿರು ಬೆಳಗಾಗುವ ಮುನ್ನವೇ ಗಾರ್ಮೆಂಟ್ಸ್ ಬಸ್ಸನ್ನು ಹತ್ತುತ್ತಾರೆ. ಉಳಿದವರಿಗೆ ಕಬ್ಬಿನ ಗದ್ದೆ, ಹಸುವಿನ ಹುಲ್ಲು. ಉದ್ಯೋಗಖಾತ್ರಿಯ ಕೂಲಿಕಾರ ತಾಯಂದಿರಿಗಾಗಿ ಗ್ರಾಮಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆದುದು ಒಳ್ಳೆಯ ಕಾರ್ಯವೇ ಸರಿ; ಆದರೂ ದುಡಿದು ದಣಿದ ತಾಯಿಯ ಹೆಗಲಿಗೆ ಇನ್ನೊಂದು ಕರ್ತವ್ಯವನ್ನು ಹೊರಿಸಿ ನಾವು ಸುಮ್ಮನಾಗುವುದು ನ್ಯಾಯವಲ್ಲ. ಅಜ್ಜಿಯನ್ನೂ ಅಪ್ಪನನ್ನೂ ಕರೆಯಬೇಕು. ರಿಜಿಸ್ಟರು ತುಂಬುವುದರಲ್ಲೇ ಹೊತ್ತು ಕಳೆಯುವ ಅಂಗನವಾಡಿ ಟೀಚರಿಗೆ ಮನೆಮನೆಗೆ ಹೋಗಿ ಕುಳಿತುಕೊಳ್ಳುವಷ್ಟು ಬಿಡುವನ್ನೂ ಸಂಬಳವನ್ನೂ ಕೊಡಬೇಕು.

ಅದೇ ಮನೆಯ ಜಗಲಿಯಲ್ಲಿ ಅಂದು ಟೀಚರಮ್ಮ ಸಣ್ಣ ಬಾಟಲಿಗೆ ಒಣಗಿದ ಅವರೆಕಾಳು ಹಾಕಿ, ಮುಚ್ಚಳವನ್ನು ಬಿಗಿದು, ಅದರ ಮೇಲೆ ಟೇಪು ಸುತ್ತಿ, ಗದ್ದೆಯಿಂದ ಆಗತಾನೆ ಬಂದ ತಂದೆಯ ಕೈಗೆ ಕೊಟ್ಟರು. ಆತ ಸಂಕೋಚದಿಂದಲೇ ಒಮ್ಮೆ ಗಿಲಕಿಸಿದ. ಕೂಸು ಕತ್ತು ತಿರುಗಿಸಿತು. ಸುತ್ತಲಿದ್ದವರನ್ನು ಮರೆತು, ಈ ಬಾರಿ ಇನ್ನೊಂದು ಕಿವಿಯ ಬಳಿಗೆ ಹೋಗಿ, ಆತ ಮತ್ತೆ ಗಿಲಕಿಸಿದ.