ಚೌಬಾರದ ಎಂಬತ್ತು ಮೆಟ್ಟಿಲು

ಕಮಠಾಣದಿಂದ ಹೊರಟು, ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯ ದಾಟಿ ಬೀದರ್‌ನ ಹಳೆ ಊರಿಗೆ ಬಂದರೆ, ನಾಲ್ಕು ರಸ್ತೆ ಕೂಡುವಲ್ಲಿ ದುಂಡನೆಯ ಗೋಪುರವೊಂದು ಎದುರಾಗುತ್ತದೆ. ಇದೇ ಚೌಬಾರ. ಎತ್ತರ 71 ಅಡಿ. ಬುಡ ದಪ್ಪ, ಮೇಲೇರಿದಂತೆ ಸಣ್ಣ, ನೆತ್ತಿಯಲ್ಲಿ ಗಡಿಯಾರ. ಸುತ್ತಲೂ ಆಟೊ, ತಳ್ಳುಗಾಡಿ, ಬೈಕುಗಳ ಗದ್ದಲ. ಅವಸರದಲ್ಲಿರುವವರಿಗೆ ಇದು ಬಳಸಿಕೊಂಡು ಹೋಗಬೇಕಾದ ಸರ್ಕಲ್ ಅಷ್ಟೆ.

ಆದರೆ ಇದು ಊರು ಕಾಯಲು ಕಟ್ಟಿದ ಗೋಪುರ. ಬುಡದಲ್ಲಿ ನಿಂತು ಒಂದು ಸುತ್ತು ತಿರುಗಿದರೆ ಕಟ್ಟಿದವರ ಲೆಕ್ಕಾಚಾರ ತಿಳಿಯುತ್ತದೆ. ಉತ್ತರದ ರಸ್ತೆ ಮಹಮೂದ್ ಗವಾನ್ ಮದರಸಾ ಮುಂದೆ ಹಾದು ಕೋಟೆಯತ್ತ ಹೋಗುತ್ತದೆ. ದಕ್ಷಿಣಕ್ಕೆ ಫತೇ ದರ್ವಾಜಾ, ಪೂರ್ವಕ್ಕೆ ಮಂಗಲಪೇಟೆ ದರ್ವಾಜಾ, ಪಶ್ಚಿಮಕ್ಕೆ ಶಾಹಗಂಜ್ ದರ್ವಾಜಾ. ಅಗಸೆ ಬಾಗಿಲು ದಾಟಿ ಯಾರು ಒಳಗೆ ಬಂದರೂ ಇಲ್ಲಿನ ಕಾವಲುಗಾರನ ಕಣ್ಣು ತಪ್ಪಿಸುವಂತಿರಲಿಲ್ಲ. ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮವಾಗಿ ಹಾಯುವ ಈ ಎರಡು ರಸ್ತೆಗಳು ಊರನ್ನು ನಾಲ್ಕು ಪಾಲು ಮಾಡಿದವು. ಒಂದೊಂದು ಪಾಲಿಗೂ ಒಂದೊಂದು ಗರಡಿಮನೆ: ಸಿದ್ದಿ ತಾಲೀಮ್, ನೂರ್ ಖಾನ್ ತಾಲೀಮ್, ಮನಿಯಾರ್ ತಾಲೀಮ್, ಪನಸಾಲ್ ತಾಲೀಮ್. ಇಂದಿಗೂ ಓಣಿಗಳಿಗೆ ಇವೇ ಹೆಸರು.

15ನೇ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ಕಲಬುರಗಿ ಬಿಟ್ಟು ಬೀದರನ್ನು ರಾಜಧಾನಿ ಮಾಡಿಕೊಂಡ. ಅವನು ಆರಿಸಿಕೊಂಡದ್ದು ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲನ್ನು. ಕೋಟೆಯ ಕಡೆ ಈ ಬಯಲು ತಟಕ್ಕನೆ ಮುಗಿದು ಕೆಳಗಿನ ತಗ್ಗು ತೆರೆದುಕೊಳ್ಳುತ್ತದೆ. ಇಂಥ ಜಾಗದಲ್ಲಿ 71 ಅಡಿ ಮೇಲೆ ನಿಂತವನಿಗೆ ಊರಷ್ಟೇ ಅಲ್ಲ, ಊರಾಚೆಯ ಬಯಲೂ ಕಾಣುತ್ತದೆ. ನಿಜಾಮರ ಕಾಲದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಮ್ ಯಜ್ದಾನಿ ಬೀದರಿನ ಸ್ಮಾರಕಗಳನ್ನು ಒಂದೊಂದಾಗಿ ಅಳೆದು, ನೋಡಿ, 1947ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಈ ಊರಿನ ಯಾವ ಕಟ್ಟಡದ ಬಗ್ಗೆ ಬರೆಯುವವರೂ ಅವರ ಋಣದಲ್ಲೇ ಇದ್ದಾರೆ.

ಗೋಪುರದ ಹತ್ತಿರ ಹೋದರೆ ಬುಡದ ಸುತ್ತ ಕಮಾನಿನ ಗೂಡುಗಳು ಕಾಣುತ್ತವೆ. ಗೋಡೆಯಲ್ಲಿ ಹೂಬಳ್ಳಿ, ಬಣ್ಣದ ಹಂಚುಗಳ ಆಡಂಬರವಿಲ್ಲ. ಮದರಸಾದ ಮಿನಾರು ಮೆರೆಯಲು ಕಟ್ಟಿದ್ದು, ಇದು ದುಡಿಯಲು ಕಟ್ಟಿದ್ದು. ನನಗೆ ಚೌಬಾರದ ಮೇಲೆ ಹೆಚ್ಚು ಪ್ರೀತಿ ಇರುವುದೂ ಅದಕ್ಕೇ. ಒಳಗೆ ಸುತ್ತಿ ಸುತ್ತಿ ಏರುವ ಎಂಬತ್ತು ಮೆಟ್ಟಿಲುಗಳಿವೆ. ನಾನು ಹೋದಾಗ ಬಾಗಿಲು ಹಾಕಿತ್ತು. ಪಕ್ಕದ ಅಂಗಡಿಯವರನ್ನು ಕೇಳಿದೆ. "ಮ್ಯಾಲ ಹತ್ತಲಾಕ ಬಿಡಂಗಿಲ್ಲ್ರೀ ಸರ್, ಕೆಳಗಿಂದಾನೇ ನೋಡ್ರಿ" ಅಂದರು.

ಇಲ್ಲೇ ನನಗೆ ಕರಾವಳಿ ನೆನಪಾಗುವುದು. ಉಡುಪಿ ಜಿಲ್ಲೆಯ ಕಾಪುವಿನಲ್ಲಿ ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಲೈಟ್‌ಹೌಸ್ ಇದೆ. ಅದು ಇಂದಿಗೂ ಹಡಗುಗಳಿಗೆ ದಾರಿ ತೋರುವ ಕೆಲಸದಲ್ಲಿದೆ. ಹಾಗಿದ್ದೂ ಸಂಜೆ ಹೊತ್ತು ಜನರನ್ನು ಮೇಲೆ ಹತ್ತಲು ಬಿಡುತ್ತಾರೆ. ಮಕ್ಕಳು ಮೆಟ್ಟಿಲೇರಿ ತಮ್ಮ ಊರು, ತೆಂಗಿನ ತೋಟ, ಕಡಲನ್ನು ಒಟ್ಟಿಗೆ ನೋಡುತ್ತಾರೆ. 2024ರ ಫೆಬ್ರವರಿಯಲ್ಲಿ ದೇಶದ 75 ಲೈಟ್‌ಹೌಸ್‌ಗಳ ಪ್ರವಾಸಿ ಸೌಲಭ್ಯಗಳನ್ನು ಪ್ರಧಾನಿ ಉದ್ಘಾಟಿಸಿದರು. ಕೆಲಸದಲ್ಲಿರುವ ದೀಪದ ಗೋಪುರಕ್ಕೇ ಇದು ಸಾಧ್ಯವಾದರೆ, ಕಾವಲು ಮುಗಿಸಿ ಶತಮಾನಗಳೇ ಕಳೆದ ಚೌಬಾರಕ್ಕೆ ಯಾಕಾಗಬಾರದು? ಮೆಟ್ಟಿಲು ಕಿರಿದು, ಹಳೆಯ ಕಟ್ಟಡ, ಒಮ್ಮೆಲೇ ಜನ ನುಗ್ಗಿದರೆ ಅಪಾಯ, ಎಲ್ಲ ಒಪ್ಪೋಣ. ಮೊದಲು ಗಟ್ಟಿತನ ಪರೀಕ್ಷಿಸಲಿ. ಆಮೇಲೆ ಗಂಟೆಗೆ ಹತ್ತೇ ಜನ, ಜೊತೆಗೊಬ್ಬ ಗೈಡ್ ಎಂದು ನಿಯಮ ಮಾಡಲಿ. ಭಾಲ್ಕಿ, ಔರಾದಿನ ಶಾಲೆಗಳಿಂದ ಪ್ರವಾಸ ಬರುವ ಮಕ್ಕಳು ಬೀದರನ್ನು ಮೇಲಿನಿಂದ ಒಮ್ಮೆ ನೋಡಿದರೆ, ಕೋಟೆಗೂ ಊರಿಗೂ ಇರುವ ನಂಟು ಯಾವ ಪಾಠವೂ ಬೇಡದೆ ಅವರಿಗೆ ತಿಳಿಯುತ್ತದೆ.

ಸದ್ಯಕ್ಕೆ ಕೆಳಗಿನಿಂದಲೇ ನೋಡುವವರು ಅಂಗಡಿಗಳು ತೆರೆಯುವ ಮುನ್ನ, ಬೆಳಿಗ್ಗೆಯೇ ಬರುವುದು ಒಳ್ಳೆಯದು. ಗೋಪುರದ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿ, ಮದರಸಾ ಕಡೆ ನಡೆಯಿರಿ. ಈ ರಸ್ತೆಯಲ್ಲೇ ಬಿದ್ರಿ ಕುಶಲಕರ್ಮಿಗಳ ಅಂಗಡಿಗಳಿವೆ. ಕಪ್ಪು ಲೋಹದಲ್ಲಿ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ತಟ್ಟುವುದನ್ನು ನಿಂತು ನೋಡಬಹುದು. ಮುಂದೆ ಬಲಗಡೆ ತಖ್ತ್-ಎ-ಕಿರ್ಮಾನಿಯ ಕಮಾನು, ಎಡಗಡೆ 1472ರ ಮದರಸಾ. 17ನೇ ಶತಮಾನದ ಕೊನೆಯಲ್ಲಿ ನಡೆದ ಸ್ಫೋಟವೊಂದರಲ್ಲಿ ಅದರ ಮುಂಭಾಗದ ಒಂದು ಮಿನಾರು ಕುಸಿಯಿತು, ಇನ್ನೊಂದು ಉಳಿದಿದೆ. ಮದರಸಾ ನೋಡಿಕೊಂಡು ಅದೇ ದಾರಿಯಲ್ಲಿ ಉತ್ತರಕ್ಕೆ ನಡೆದರೆ ಕೋಟೆ. ಕಾಲಲ್ಲಿ ಶಕ್ತಿ ಇದ್ದವರಿಗೆ ಆಟೊ ಬೇಕಾಗುವುದಿಲ್ಲ.